ರಾಟ್‌ವೀಲರ್ ಸಾಕಲು ಪರೀಕ್ಷೆ ಪಾಸಾಗಬೇಕೇ?

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಇಲಾಖೆ ರಾಜ್ಯಗಳಿಗೆ ಪತ್ರ ಬರೆದು, ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ನಾಯಿ ತಳಿಗಳ ಮಾರಾಟ ಮತ್ತು ಸಾಕಣೆಗೆ ತಡೆ ಹಾಕಲು ಹೇಳಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ ಸುತ್ತೋಲೆಯೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ಕ್ಕೆ ಅದನ್ನು ರದ್ದುಪಡಿಸಿತು. ನಿಷೇಧ ಸಲ್ಲದೆಂದಾದರೆ, ಇಂಥ ದೊಡ್ಡ ನಾಯಿ ತರುವ ಮುಂಚೆ ಮಾಲೀಕರಿಗೆ ತರಬೇತಿ, ಪರವಾನಗಿ ಕಡ್ಡಾಯ ಮಾಡಬೇಕೇ?

ಪರ: ಮರಿ ಮನೆಗೆ ಬರುವ ಮುಂಚೆಯೇ ಕಲಿಯಬೇಕು

ಪೂರ್ತಿ ಬೆಳೆದ ಗಂಡು ರಾಟ್‌ವೀಲರ್ 50ರಿಂದ 60 ಕಿಲೋ ತೂಗುತ್ತದೆ. ಸಂಜೆ ಹೊತ್ತು ಬಡಾವಣೆಯ ರಸ್ತೆಯಲ್ಲಿ ಅದರ ಚೈನು ಹಿಡಿದವರು ಯಾರೆಂದು ಒಮ್ಮೆ ನೋಡಿ. ಎಷ್ಟೋ ಸಲ ಹೈಸ್ಕೂಲು ಹುಡುಗ, ಇಲ್ಲವೇ ಮನೆಗೆಲಸದವರು. ನಾಯಿ ಜೋರಾಗಿ ಜಗ್ಗಿದರೆ ಹಿಡಿದವರೇ ನೆಲಕ್ಕೆ ಬೀಳಬೇಕು. ಸ್ಕೂಟರ್ ಓಡಿಸಲು ಎಲ್‌ಎಲ್ ಮಾಡಿಸಿ, ಎಂಟು ಹಾಕಿ ತೋರಿಸಿ ಡಿಎಲ್ ಪಡೆಯುತ್ತೇವೆ. ಈ ನಾಯಿಯನ್ನು ಮಾತ್ರ ದುಡ್ಡು ಕೊಟ್ಟವರೆಲ್ಲ ಮಡಿಲಲ್ಲಿಟ್ಟುಕೊಂಡು ಬರಬಹುದು.

ಜರ್ಮನಿಯ ರಾಟ್‌ವೈಲ್ ಪಟ್ಟಣದ ಕಟುಕರು ದನ ಹೊಡೆಯಲು, ಗಾಡಿ ಎಳೆಸಲು ಸಾಕಿದ ತಳಿ ಇದು. ದಿನವಿಡೀ ದುಡಿಯುವ ಮೈಕಟ್ಟು ಅದರದು. ಅದನ್ನು ತಂದು 30×40 ಸೈಟಿನ ಮನೆಯ ಮೆಟ್ಟಿಲ ಕೆಳಗೆ ಕಟ್ಟಿಹಾಕಿ, ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಬೋರ್ಡು ತಗುಲಿಸುತ್ತೇವೆ.

ಮರಿಗೆ ಮೂರು ವಾರ ತುಂಬಿದಾಗಿನಿಂದ ಸುಮಾರು ಹನ್ನೆರಡು, ಹದಿನಾಲ್ಕು ವಾರದವರೆಗೆ ಅದು ಲೋಕವನ್ನು ಪರಿಚಯ ಮಾಡಿಕೊಳ್ಳುವ ಕಾಲ. ಕೊಡೆ, ಹೆಲ್ಮೆಟ್ಟು, ಮಕ್ಕಳ ಕಿರುಚಾಟ, ತರಕಾರಿ ಗಾಡಿಯ ಮೈಕು ಎಲ್ಲವನ್ನೂ ಆಗಲೇ ಕಂಡಿದ್ದರೆ ಮುಂದೆ ಅವುಗಳ ಭಯ ಕಡಿಮೆ. ನಮ್ಮಲ್ಲಿ ಆಗುವುದೇ ಬೇರೆ. ಲಸಿಕೆ ಮುಗಿಯುವವರೆಗೆ ಹೊರಗೆ ಬಿಡಬೇಡಿ ಎಂಬ ಮಾತು ಕೇಳಿ ಮರಿಯನ್ನು ಕೋಣೆಯೊಳಗೇ ಇಡುತ್ತೇವೆ. ಎತ್ತಿಕೊಂಡೇ ಬೀದಿ ತೋರಿಸಬಹುದಿತ್ತು ಎಂದು ಹೇಳಿಕೊಡುವವರಿಲ್ಲ. ನೆಂಟರು ಬಂದಾಗಲೆಲ್ಲ ಬಚ್ಚಲ ಕಡೆ ಕೂಡಿಹಾಕುತ್ತೇವೆ. ಒಂದೂವರೆ ವರ್ಷಕ್ಕೆ ಅದು ಮೊದಲ ಸಲ ಗುರ್ ಎಂದಾಗ ಬೆನ್ನಿಗೆ ಏಟು ಬೀಳುತ್ತದೆ. ಗುರ್ ಎನ್ನುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೇ ಏಟು ತಿಂದ ನಾಯಿ ಮುಂದೆ ಸದ್ದಿಲ್ಲದೆ ಕಚ್ಚುತ್ತದೆ.

2022ರ ಜುಲೈನಲ್ಲಿ ಲಖನೌದಲ್ಲಿ ಎಂಬತ್ತು ದಾಟಿದ ನಿವೃತ್ತ ಶಿಕ್ಷಕಿ ಮಗ ಸಾಕಿದ್ದ ಪಿಟ್‌ಬುಲ್‌ನಿಂದಲೇ ಪ್ರಾಣ ಕಳೆದುಕೊಂಡರು. 2024ರ ಮೇ ತಿಂಗಳಲ್ಲಿ ಚೆನ್ನೈನ ಪಾರ್ಕಿನಲ್ಲಿ ಐದು ವರ್ಷದ ಹುಡುಗಿಯ ಮೇಲೆ ಎರಡು ರಾಟ್‌ವೀಲರ್‌ಗಳು ಎರಗಿದವು. ಹೀಗೆ ನಿರ್ಲಕ್ಷ್ಯ ತೋರಿದ ಮಾಲೀಕರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಹೇಳುವ ಗರಿಷ್ಠ ಶಿಕ್ಷೆ ಆರು ತಿಂಗಳ ಸೆರೆ, 5000 ರೂಪಾಯಿ ದಂಡ. ಅದೂ ಎಲ್ಲ ಮುಗಿದ ಮೇಲೆ. ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ 2013ರಿಂದ, ಹೊಸದಾಗಿ ನಾಯಿ ಸಾಕುವವರು ಯಾವ ತಳಿಯೇ ಇರಲಿ, ತರುವ ಮುಂಚೆ ಲಿಖಿತ ಪರೀಕ್ಷೆ, ಮೊದಲ ವರ್ಷದೊಳಗೆ ಪ್ರಾಯೋಗಿಕ ಪರೀಕ್ಷೆ ಕೊಡಬೇಕು. ನಾವು ಕನಿಷ್ಠ ಐವತ್ತು ಕಿಲೋದ ನಾಯಿಗಳಿಂದಲಾದರೂ ಶುರು ಮಾಡೋಣ.

ವಿರೋಧ: ಪರೀಕ್ಷೆ ಮಾಡುವವರು ಯಾರು?

ನಮ್ಮ ನಾಯಿಗೆ ವರ್ಷ ತುಂಬಿದಾಗ ತರಬೇತುದಾರರೊಬ್ಬರನ್ನು ಕರೆಸಿದ್ದೆವು. ಬಂದವರು ಕತ್ತಿಗೆ ಬಿಗಿಯುವ ಸರಪಳಿ ಹಾಕಿ, ಅದನ್ನು ಅಂಗಾತ ಕೆಡವಿ, ಎದೆಯ ಮೇಲೆ ಕೈಯೂರಿ, ‘ನೀವೇ ಲೀಡರ್ ಅಂತ ಇದಕ್ಕೆ ಗೊತ್ತಾಗಬೇಕು ಸಾರ್’ ಎಂದರು. ನಾಯಿ ಅಲ್ಲೇ ಉಚ್ಚೆ ಹೊಯ್ದುಕೊಂಡಿತು. ಮರುದಿನದಿಂದ ಅವರ ಬೈಕಿನ ಸದ್ದಿಗೇ ಮಂಚದ ಕೆಳಗೆ ಸೇರತೊಡಗಿತು. ಅವರನ್ನು ಬಿಡಿಸಿದೆವು. ಆದರೆ ಅದಕ್ಕೂ ಮುಂಚೆ ನಾಲ್ಕು ದಿನ ಸುಮ್ಮನೆ ನಿಂತು ನೋಡಿದ್ದೇನೆ; ಆ ನೋವು ಇನ್ನೂ ಹೋಗಿಲ್ಲ.

ಈ ‘ಲೀಡರ್’ ಕಲ್ಪನೆಗೆ ಬುಡ, ತೋಳದ ಹಿಂಡಿನಲ್ಲಿ ಉಳಿದವನ್ನು ಬಗ್ಗಿಸಿದ್ದೇ ನಾಯಕ ಎಂದು ಪ್ರಾಣಿ ವರ್ತನೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದದ್ದು. ಅವರು ನೋಡಿದ್ದು ಮೃಗಾಲಯದಲ್ಲಿ ಕೂಡಿಟ್ಟ ತೋಳಗಳನ್ನು. ಆ ಮಾತನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ತೋಳ ಸಂಶೋಧಕ ಡೇವಿಡ್ ಮೀಚ್ ಅವರೇ 1999ರಲ್ಲಿ ತಿದ್ದಿಕೊಂಡರು: ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ. ಆದರೂ ನಮ್ಮೂರುಗಳಲ್ಲಿ ದೊಡ್ಡ ನಾಯಿಯೆಂದರೆ ‘ಬಗ್ಗಿಸಬೇಕು’ ಎಂಬುದೇ ಪಾಠ. ತರಬೇತುದಾರ ಎಂದು ಬೋರ್ಡು ಹಾಕಿಕೊಳ್ಳಲು ಯಾವ ಓದೂ ಬೇಕಿಲ್ಲ. ನಾಳೆ ತರಬೇತಿ ಕಡ್ಡಾಯವಾದರೆ ಸರ್ಟಿಫಿಕೇಟು ಬರೆಯುವವರು ಇವರೇ. ಹೆದರಿಸಿ ಕಲಿಸಿದ ನಾಯಿಯೇ ಕಚ್ಚುತ್ತದೆಂದು ಪರ ಬರೆದವರೂ ಒಪ್ಪುತ್ತಾರೆ. ಹಾಗಾದರೆ ಅಂಥ ನಾಯಿಗಳನ್ನು ಸರ್ಕಾರಿ ಮೊಹರು ಹಾಕಿ ತಯಾರಿಸಿದಂತಾಗುವುದಿಲ್ಲವೇ?

ತಳಿಯ ಹೆಸರು ನೋಡಿ ಗೆರೆ ಎಳೆಯುವುದನ್ನೂ ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ವಿವರ ಕಲೆಹಾಕಿದ ಸಂಶೋಧಕರು 2022ರಲ್ಲಿ ಕಂಡದ್ದು, ನಾಯಿ ನಾಯಿಗಳ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ. ನೆದರ್‌ಲ್ಯಾಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಚ್ಚುವ ಪ್ರಕರಣ ಇಳಿಯಲಿಲ್ಲವೆಂದು 2008ರಲ್ಲಿ ಅದನ್ನು ಕೈಬಿಡಲು ನಿರ್ಧರಿಸಿತು. ದೊಡ್ಡ ನಾಯಿ ಕಚ್ಚಿದರೆ ಗಾಯ ಆಳ, ಅದು ನಿಜ. ಆದರೆ ಪರವಾನಗಿಯ ಗಡುವು ಬಂದ ದಿನ ಎಷ್ಟು ನಾಯಿಗಳನ್ನು ಕಾರಿನಲ್ಲಿ ತಂದು ಹೆದ್ದಾರಿಯ ಬದಿ ಇಳಿಸಿ ಹೋಗುತ್ತಾರೋ ಎಂಬ ಭಯ ನನ್ನದು. ಆಗ ಹಳ್ಳಿಯವರಿಗೆ ಯಾವ ರಕ್ಷಣೆ?

ಇರುವ ನಿಯಮವನ್ನೇ ಮೊದಲು ಹಿಡಿಯಲಿ. 2017ರ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮದ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು, ಎಂಟು ವಾರ ತುಂಬದ ಮರಿ ಮಾರಬಾರದು. ವಾಟ್ಸ್‌ಆಪ್‌ನಲ್ಲಿ ಫೋಟೋ ಹಾಕಿ, ಕಣ್ಣು ಬಿಟ್ಟು ಕೆಲವೇ ವಾರವಾದ ಮರಿಗಳನ್ನು ರಟ್ಟಿನ ಡಬ್ಬದಲ್ಲಿ ಬಸ್ಸಿಗೆ ಹಾಕಿ ಕಳಿಸುವವರನ್ನು ತಡೆದರೆ, ತಾಯಿಯ ಹತ್ತಿರ, ಒಡಹುಟ್ಟಿದ ಮರಿಗಳ ಹತ್ತಿರ ಹಲ್ಲು ಎಷ್ಟು ಊರಬೇಕೆಂದು ಕಲಿತ ಮರಿಗಳಾದರೂ ಮನೆಗೆ ಬರುತ್ತವೆ. ಬೀದಿಯಲ್ಲಿ ಬೆಲ್ಟಿಲ್ಲದೆ ಬಿಟ್ಟವರಿಗೆ ಅಲ್ಲೇ ದಂಡ ಹಾಕಲಿ. ಕಚ್ಚಿಸಿಕೊಂಡವರ ಆಸ್ಪತ್ರೆ ಬಿಲ್ಲು, ಕೆಲಸಕ್ಕೆ ಹೋಗಲಾಗದ ದಿನಗಳ ಕೂಲಿ ಪೂರ್ತಿ ಮಾಲೀಕರೇ ಕಟ್ಟಲಿ, ಕಚ್ಚಿದ್ದು ಆರು ಕಿಲೋದ ಪೊಮೆರೇನಿಯನ್ ಆಗಿದ್ದರೂ.