ಒಂದು ಪಕ್ಷಿ, ಮೂರಕ್ಷರ

ಪದಬಂಧದಲ್ಲಿ ನನ್ನ ಪಿತ್ತ ನೆತ್ತಿಗೇರಿಸುವ ಸುಳಿವು ಒಂದೇ: ‘ಒಂದು ಪಕ್ಷಿ (3)’. ನೋಡಲಿಕ್ಕೆ ಎಂಥ ಸಾಧು! ಚಮತ್ಕಾರವಿಲ್ಲ, ತಿರುವುಮುರುವಿಲ್ಲ. ನವಿಲು ಎಂದು ಬರೆಯುತ್ತೇವೆ, ಕೋಗಿಲೆ ಎಂದು ತಿದ್ದುತ್ತೇವೆ, ಗರುಡ, ಗೀಜಗ, ಚಕೋರ ಎಲ್ಲವನ್ನೂ ಕೂರಿಸಿ ಎಬ್ಬಿಸುತ್ತೇವೆ. ಮರುದಿನ ಉತ್ತರ ಬರುತ್ತದೆ: ಟಿಟ್ಟಿಭ. ಅದನ್ನು ಅಡ್ಡ ಹಾಯುವ ಪದಗಳಿಂದ ಹಿಡಿಯೋಣವೆಂದರೆ ಒಂದು ಕಡೆ ‘ಒಬ್ಬ ರಾಕ್ಷಸ’, ಇನ್ನೊಂದು ಕಡೆ ‘ಒಂದು ರಾಗ’. ಇದು ಬುದ್ಧಿಯ ಪರೀಕ್ಷೆಯಲ್ಲ, ಹಾಜರಿ ಪುಸ್ತಕ. ಗೊತ್ತಿದ್ದವ ಪಾಸು, ಗೊತ್ತಿಲ್ಲದವ ಸಂಜೆತನಕ ತಲೆ ಕೆರೆದುಕೊಂಡರೂ ನಪಾಸು.

ಜನ ಮಾತ್ರ ಉಲ್ಟಾ ತಿಳಿದಿದ್ದಾರೆ. ನೇರ ಸುಳಿವು ಕೊಟ್ಟವನು ಪ್ರಾಮಾಣಿಕ, ಮಾತು ತಿರುಚಿ ದಾರಿ ತಪ್ಪಿಸುವವನು ಲಫಂಗ ಅಂತ. ನನ್ನ ಲೆಕ್ಕದಲ್ಲಿ ದಾರಿ ತಪ್ಪಿಸುವವನೇ ಸಂಭಾವಿತ, ಒಂದು ಷರತ್ತಿನ ಮೇಲೆ: ಉತ್ತರ ಸಿಕ್ಕಾಗ ನಾನು ಬೈದುಕೊಳ್ಳುವುದು ನನ್ನನ್ನೇ ಆಗಿರಬೇಕು, ಅವನನ್ನಲ್ಲ.

ಈ ಷರತ್ತನ್ನು ಇಂಗ್ಲಿಷರು ಬಹಳ ಹಿಂದೆಯೇ ಜಗಳಾಡಿ ಇತ್ಯರ್ಥ ಮಾಡಿಕೊಂಡಿದ್ದಾರೆ. ಪದಬಂಧ ಹುಟ್ಟಿದ್ದು 1913ರಲ್ಲಿ, ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ; ಮಾಡಿದವನು ಲಿವರ್‌ಪೂಲ್‌ನಿಂದ ಹೋದ ಆರ್ಥರ್ ವಿನ್. ಅದಕ್ಕೆ ಕ್ರಿಪ್ಟಿಕ್, ಅಂದರೆ ಮಾತು ತಿರುಚಿ ಉತ್ತರ ಬಚ್ಚಿಡುವ ವಕ್ರಬುದ್ಧಿ ಕಲಿಸಿದ್ದು ಇಂಗ್ಲೆಂಡು. 1926ರಿಂದ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಒಬ್ಬರು ಟಾರ್ಕೆಮಾಡಾ ಎಂಬ ಹೆಸರಿನಲ್ಲಿ ಓದುಗರನ್ನು ಗೋಳು ಹೊಯ್ದುಕೊಂಡರು. ಅದು ಸ್ಪೇನಿನಲ್ಲಿ ಮತದ್ರೋಹಿಗಳನ್ನು ಹುಡುಕಿ ಹಿಂಸಿಸಿದ ಅಧಿಕಾರಿಯ ಹೆಸರು. 1939ರಲ್ಲಿ ಅವರು ತೀರಿಕೊಂಡ ಮೇಲೆ ಬಂದವರು ಇಟ್ಟುಕೊಂಡಿದ್ದೂ ಅಂಥದೇ ಅಧಿಕಾರಿಯ ಹೆಸರು, ಕ್ಸಿಮೆನಿಸ್. ಹೆಸರು ಕ್ರೂರವಾದರೂ ಇವರು ಕಾಯಿದೆಯ ಮನುಷ್ಯ. ಸುಳಿವಿನಲ್ಲಿ ಉತ್ತರದ ಅರ್ಥ ಇರಬೇಕು, ಉತ್ತರವನ್ನು ಕಟ್ಟುವ ಬಗೆಯೂ ಇರಬೇಕು, ಎರಡನ್ನೂ ಬಿಟ್ಟು ಒಂದು ಪದವೂ ಹೆಚ್ಚಿಗೆ ಇರಬಾರದು. ಅವರ ಪಂಥದವರು ಹಿಡಿದ ಪಟ್ಟು ಇದು. ಆಫ್ರಿಟ್ ಎಂಬ ಇನ್ನೊಬ್ಬರು 1949ರಲ್ಲಿ ಹೇಳಿದ್ದನ್ನು ನಮ್ಮ ಮಾತಿಗೆ ತಂದರೆ ಹೀಗೆ: ನಾ ಹೇಳಿದ್ದೇ ನನ್ನ ಮನಸ್ಸಿನಾಗ ಇರಬೇಕಂತಿಲ್ಲ, ಆದರ ಮನಸ್ಸಿನಾಗ ಇದ್ದದ್ದನ್ನ ನಾ ಹೇಳಿರಲೇಬೇಕು.

ನಮ್ಮ ವಿಜಯಪುರದ ಗಾಂಧಿ ಚೌಕದ ಹತ್ತಿರದ ಚಹಾದಂಗಡಿಯಲ್ಲಿ ಈ ಕಾಯಿದೆಯ ಕೋರ್ಟು ಸಂಜೆಹೊತ್ತು ಕೂಡುತ್ತದೆ. ನಿವೃತ್ತ ಗಣಿತದ ಮಾಸ್ತರರು ಜಡ್ಜು, ಅಂಗಡಿಯ ಕಾಕಾ ಸರಕಾರಿ ವಕೀಲ, ಸುಳಿವು ಹೆಣೆದು ತರುವ ನಾನು ಕಾಯಂ ಆರೋಪಿ. ಒಮ್ಮೆ ನಾನು ಇಟ್ಟಿದ್ದು: ‘ಹಾಲಿಗೆ ಬಿದ್ದ ಚಾಲುಕ್ಯರ ರಾಜಧಾನಿ (3)’. ಕಾಕಾ ಸೋಸಣಿಗೆ ಝಾಡಿಸುತ್ತಲೇ ‘ಬಾದಾಮಿ’ ಎಂದರು. ಮಾಸ್ತರರು ತಕರಾರು ತೆಗೆದರು.

“ರಾಜಧಾನಿ ಅಂದಕೂಡಲೇ ಉತ್ತರ ಬಂತಲ್ಲ, ಹಾಲು ಯಾಕ ಬೇಕಿತ್ತು? ಅಲ್ಲದ ಹಾಲಿನಾಗ ಕೇಸರಿನೂ ಬೀಳತದ, ನೊಣಾನೂ ಬೀಳತದ.”

“ಸರ, ವಾತಾಪಿನೂ ಅದೇ ರಾಜಧಾನಿ, ಅದೂ ಮೂರಕ್ಷರ. ವಾತಾಪಿ ಹಾಲು ಯಾರರ ಕುಡದಾರೇನ್ರಿ?”

ಮಾಸ್ತರರು ಭಜಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಾದರು. ವಾತಾಪಿಯನ್ನು ಅರಗಿಸಿಕೊಂಡವರು ಅಗಸ್ತ್ಯರೊಬ್ಬರೇ ಎಂದು ಗೊಣಗಿ, ಸುಳಿವು ಪಾಸು ಎಂದರು. ಒಂದು ಕಾಲು ಜಾರಿದರೆ ಇನ್ನೊಂದು ಹಿಡಿಯಬೇಕು. ‘ಒಂದು ಪಕ್ಷಿ’ಗೆ ಆ ಎರಡನೆಯ ಕಾಲೇ ಇಲ್ಲ.

‘ಪಂಜಾಬು ಕನ್ನಡ ಕಲಿತರೆ ದುರ್ಗದ ಗುಡಿಯ ಊರು (3)’ ಎಂಬುದಕ್ಕೆ ಮಾತ್ರ ಗಲಾಟೆಯೇ ಆಯಿತು. ಕಾಕಾ ಚಿತ್ರದುರ್ಗಕ್ಕೆ ಹೋದರು, ಗಜೇಂದ್ರಗಡಕ್ಕೆ ಹೋದರು, ಅಮೃತಸರಕ್ಕೂ ಹೋಗಿ ಬಂದರು. ಪಂಜಾಬೆಂದರೆ ಐದು ನದಿ, ಕನ್ನಡದಲ್ಲಿ ಐ ಹೊಳೆ, ಐಹೊಳೆ ಎಂದಾಗ ಅವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. “ಐದಕ್ಕ ಐ ಅಂತ ಯಾವ ಅಂಗಡ್ಯಾಗ ಅಂತಾರ?” “ಐನೂರು ರೂಪಾಯಿ ನೋಟು ಬಂದರ ಏನಂತೀರಿ?” ಗಲ್ಲಾಪೆಟ್ಟಿಗೆ ಸಾಕ್ಷಿಗೆ ಬಂದ ಮೇಲೆ ವಕೀಲರಿಗೆ ಮಾತಿರಲಿಲ್ಲ. (ಅಲ್ಲಿಯ ದುರ್ಗದ ಗುಡಿಗೆ ದುರ್ಗಾದೇವಿಯ ಸಂಬಂಧವೇ ಇಲ್ಲ, ಕೋಟೆಯ ಸಂಬಂಧದ ಹೆಸರದು. ಹೆಸರಿಟ್ಟವರೂ ನಮ್ಮ ಕಸುಬಿನವರೇ ಇರಬೇಕು.) ಕೈಗೆ ಸೊಪ್ಪಿನ ಕಡ್ಡಿ ಹಚ್ಚಿ ಅಮೀನಗಡದ ಕರದಂಟು ಮಾಡಿದ್ದಂತೂ ತಕರಾರಿಲ್ಲದೆ ಪಾಸಾಯಿತು, ಬಾಯಿ ಸಿಹಿಯಾದವರು ವಾದಿಸುವುದಿಲ್ಲ.

ಕನ್ನಡದಲ್ಲಿ ಮೋಸಕ್ಕೆ ಇನ್ನೊಂದು ಸಂದಿಯಿದೆ. ಇಂಗ್ಲಿಷಿನಲ್ಲಿ ಮನೆಗೊಂದು ಬಿಡಿ ಅಕ್ಷರ. ನಮ್ಮಲ್ಲಿ ಕಾಗುಣಿತ, ಒತ್ತು ಸಮೇತ ಸಂಸಾರವೇ ಒಂದು ಮನೆಯಲ್ಲಿ. ಅಡ್ಡ ಬಂದ ‘ಲಿ’, ಕೆಳಗಿಳಿಯುವ ಪದಕ್ಕೂ ‘ಲಿ’ಯೇ ಆಗಬೇಕು, ‘ಲ’ ಆದರೆ ಕೆಟ್ಟಿತು. ಹೆಣೆಯುವವನ ಕಷ್ಟ ನನಗೆ ಗೊತ್ತು, ಕನಿಕರವೂ ಇದೆ. ಆದರೆ ಹೊಂದಲಿಲ್ಲವೆಂದು ‘ಕಮಲ’ಕ್ಕೆ ದೀರ್ಘ ಹಚ್ಚಿ ‘ಕಮಲಾ’ ಮಾಡಿ, ಸುಳಿವು ಮಾತ್ರ ‘ಒಂದು ಹೂವು’ ಎಂದೇ ಉಳಿಸುವುದು ಶುದ್ಧ ಕಳ್ಳಾಟ. ಇದಕ್ಕೆ ಜಾಮೀನಿಲ್ಲ.

ಈ ನ್ಯಾಯ ನಮಗೆ ಪತ್ರಿಕೆಗಳು ಕಲಿಸಿದ್ದೇನಲ್ಲ. ನಮ್ಮ ಕಡೆಯ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಮೇಳಗಳು ದಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಸವಾಲು–ಜವಾಬು ಹಾಡುವಾಗ ಕೂತು ಕೇಳುವ ಮಂದಿ ಎಂಥ ನಿಷ್ಠುರ ಪಂಚರು! ಸವಾಲು ಎಷ್ಟು ಬಿಗಿಯಿದ್ದರೂ ಸೈ. ಆದರೆ ಹಾಕಿದವನ ಹತ್ತಿರವೇ ಒಪ್ಪುವಂಥ ಜವಾಬು ಇಲ್ಲವೆಂದು ಗೊತ್ತಾದರೆ ಅವನಿಗೆ ಮುಖ ತೋರಿಸುವುದೂ ಕಷ್ಟ. ಅಲ್ಲಮನ ಬೆಡಗಿನ ವಚನಗಳನ್ನು ಮಾತ್ರ ಈ ಕೋರ್ಟಿಗೆ ಎಳೆಯಬಾರದು. ಅವಕ್ಕೆ ಟೀಕೆ ಬರೆದವರೇ ಬೇರೆ ಬೇರೆ ದಾರಿ ಹಿಡಿದಿದ್ದಾರೆ, ಅವನಿಗೆ ನಮ್ಮ ಅಂಕಗಳ ಗರಜೂ ಇರಲಿಲ್ಲ.

ಈಗ ಮಾಸ್ತರರೇ ಆರೋಪಿ. ಅವರು ಇಟ್ಟ ಸುಳಿವು: ‘ಆಕಳ ಹಿಂದೆ ಕಾಗೆ ಬಂದು ಕುಂತರೆ ಘಟಪ್ರಭೆ ಧುಮುಕುತ್ತಾಳೆ (3)’. ನನಗೆ ಸಿಕ್ಕಿತು, ಬಾಯಿ ಬಿಡುವಂತಿಲ್ಲ. ಕಾಕಾ ಒಪ್ಪುತ್ತಿಲ್ಲ.

“ಕಾಗಿ ಕುಂತರ ಆಕಳಾ ಜಿಗೀಬೇಕು. ಹೊಳಿ ಯಾಕ ಜಿಗೀತದ?”

“ಒಂದು ದೀರ್ಘ ಬಿಟ್ಟಕೊಟ್ಟರ ನೀವೂ ಅದರಾಗ ಅದೀರಿ, ಕಾಕಾ” ಎಂದರು ಮಾಸ್ತರರು.

ದೀರ್ಘ ಬಿಡುವುದೂ ಕಳ್ಳಾಟವೇ ಎಂದು ವಕೀಲರ ವಾದ. ಚಹಾ ಇನ್ನೂ ಬಂದಿಲ್ಲ.