ಅಬೈಡೋಸ್ ತೊಲೆಯ ಮೇಲಿರುವುದು ಹೆಲಿಕಾಪ್ಟರ್ ಅಲ್ಲ

ಮೂರು ಸಾವಿರ ವರ್ಷಗಳ ಹಿಂದೆಯೇ ಈಜಿಪ್ಟಿನವರು ಹೆಲಿಕಾಪ್ಟರ್ ಕೆತ್ತಿದ್ದರು ಎಂಬ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಈಜಿಪ್ಟಿನ ಅಬೈಡೋಸ್ ಎಂಬಲ್ಲಿನ ಪುರಾತನ ದೇವಾಲಯದ ತೊಲೆಯ ಮೇಲೆ ಆ ಕೆತ್ತನೆ ಇರುವುದು ನಿಜ. ಹೆಲಿಕಾಪ್ಟರ್ ಎಂಬುದು ಮಾತ್ರ ಸುಳ್ಳು.

ಅಲ್ಲಿರುವುದು ಒಂದರ ಮೇಲೊಂದು ಕೆತ್ತಿದ ಇಬ್ಬರು ರಾಜರ ಬಿರುದುಗಳು. ಕ್ರಿ.ಪೂ. 13ನೇ ಶತಮಾನದಲ್ಲಿ ಅಬೈಡೋಸ್‌ನ ಈ ದೇವಾಲಯ ಕಟ್ಟಿಸಿದ ಮೊದಲನೇ ಸೇತಿಯ ಬಿರುದು, 'ಒಂಬತ್ತು ಶತ್ರುಗಳನ್ನು ಹಿಮ್ಮೆಟ್ಟಿಸುವವನು'. ಕೆಲಸ ಮುಗಿಯುವ ಮೊದಲೇ ಆತ ತೀರಿಕೊಂಡ. ಮಗ ಎರಡನೇ ರಾಮ್ಸೆಸ್‌ನ ಕಾಲದಲ್ಲಿ ಹಳೆಯ ಅಕ್ಷರಗಳ ತಗ್ಗಿಗೆ ಗಾರೆ ಮೆತ್ತಿ, ಅದೇ ಜಾಗದಲ್ಲಿ 'ಈಜಿಪ್ಟನ್ನು ಕಾಯುವವನು, ಪರದೇಶಗಳನ್ನು ಮಣಿಸುವವನು' ಎಂದು ಕೆತ್ತಿದರು. ಕಾಲಕ್ರಮದಲ್ಲಿ ಗಾರೆ ಉದುರಿತು. ಎರಡೂ ಕೆತ್ತನೆಯ ಗೆರೆಗಳು ಬೆರೆತು, ರೆಕ್ಕೆ ಬಾಲಗಳಂತೆ ಕಾಣತೊಡಗಿದವು.

ಅಲ್ಲಿಗೆ ಹೋದವರು ಕಂಬಗಳಿರುವ ಮೊದಲ ಮಂಟಪದಲ್ಲಿ ತಲೆಯೆತ್ತಿ ನೋಡಬೇಕು. ತೊಲೆ ಬಹಳ ಎತ್ತರದಲ್ಲಿರುವುದರಿಂದ ಬೈನಾಕ್ಯುಲರ್ ಅಥವಾ ಒಳ್ಳೆಯ ಜೂಮ್ ಬೇಕು. ಆ ಒಂದು ತುಣುಕನ್ನಷ್ಟೇ ಅಲ್ಲ, ಇಡೀ ಸಾಲನ್ನು ಫ್ರೇಮಿಗೆ ತನ್ನಿ. ಅಕ್ಕಪಕ್ಕದಲ್ಲಿ ಮಾಮೂಲಿ ಚಿತ್ರಲಿಪಿಯೇ ಮುಂದುವರಿಯುವುದು ಕಾಣುತ್ತದೆ. ಹರಿದಾಡುವ ಫೋಟೊದಲ್ಲಿ ಕತ್ತರಿಸಿರುವುದು ಅದನ್ನೇ.

ಅಷ್ಟಕ್ಕೇ ಹಿಂದಿರುಗಬೇಡಿ. ಒಳಗಿನ ಎರಡನೇ ಮಂಟಪದಲ್ಲಿ ಸೇತಿಯ ಕಾಲದ ಉಬ್ಬುಶಿಲ್ಪಗಳಿವೆ. ಈಜಿಪ್ಟಿನಲ್ಲಿ ಅಷ್ಟು ನಾಜೂಕಾದ ಕೆಲಸ ಸಿಗುವುದು ಅಪರೂಪ.