ಮೀಟರ್ ಹಚ್ಚದೆ ಬ್ಯಾಟರಿ ಸತ್ತದ ಅನ್ನಬ್ಯಾಡ್ರಿ

ಸೋಮವಾರ ಸಂಜೆ ಯುಪಿಎಸ್ ರಿಪೇರಿಗೆ ಬಂದ ಹುಡುಗನೊಬ್ಬನ ಮೇಲೆ ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಮೂರು ದಿನ ಸುಮ್ಮನಿದ್ದೆ. ಇವತ್ತು ಬರೆಯದಿದ್ದರೆ ನಿದ್ದೆ ಹತ್ತುವುದಿಲ್ಲ.

ನಮ್ಮ ಪಕ್ಕದ ಮನೆ ಕಾಕು ರೊಟ್ಟಿ ಬಡಿದು ಮಾರುತ್ತಾರೆ, ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ನಮ್ಮ ಮನೆಗೆ ಬಂದವರಲ್ಲಿ ಅವರ ಕಡಕ್ ರೊಟ್ಟಿ ಕಟ್ಟಿಸಿಕೊಂಡು ಹೋಗದವರು ಕಡಿಮೆ. ಬೆಳಗಿನ ನಾಲ್ಕೂವರೆಗೆ ಅವರ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ, ಗೋಡೆಯಾಚೆ ನನಗೆ ಎಚ್ಚರ. ಎರಡು ಟ್ಯೂಬ್‌ಲೈಟ್, ಎರಡು ಫ್ಯಾನು, ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನು, ಇಷ್ಟು ಯುಪಿಎಸ್ ಮೇಲೆ ನಡೆಯುತ್ತವೆ. ನಮ್ಮ ಕಲಬುರಗಿಯ ಮೇ ತಿಂಗಳು ಹೇಳಬೇಕಾಗಿಲ್ಲ. ಹಗಲೆಲ್ಲ 42-43 ಡಿಗ್ರಿ ಕಾದ ಕೋಣೆಯಲ್ಲಿ ಮೂರು ಹೆಂಗಸರು ಹಂಚಿನ ಮುಂದೆ ಕೂತಿರುವಾಗ ಕರೆಂಟ್ ಹೋಗಿ, ಹತ್ತೇ ನಿಮಿಷಕ್ಕೆ ಯುಪಿಎಸ್ಸೂ ಕೂಗಿ ಆರಿಹೋದರೆ ಆ ಕತ್ತಲು, ಆ ಸೆಕೆ ಹೇಗಿರುತ್ತದೆ ಅಂತ ಯೋಚಿಸಿ. ಯುಗಾದಿ ಆದಾಗಿನಿಂದ ಅವರಿಗೆ ಇದೇ ಗೋಳು.

ಸೋಮವಾರ ಒಬ್ಬ ಹುಡುಗ ರಿಪೇರಿಗೆ ಬಂದ. ಕಾಕು ನನ್ನನ್ನೂ ಕರೆದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಓಮನ ನಿಯಮ ಹೇಳಿಕೊಟ್ಟು ಇಪ್ಪತ್ತೆರಡು ವರ್ಷ ಆಯಿತು. ಅವನು ಒಳಗೆ ಬಂದವನೇ ನಮ್ಮಿಬ್ಬರನ್ನೂ ನೋಡಿ ಕೇಳಿದ್ದು, "ಮನ್ಯಾಗ ಗಂಡಸರು ಯಾರೂ ಇಲ್ಲೇನ್ರಿ?"

ಅದನ್ನೂ ನುಂಗಿಕೊಂಡೆ. ಆಮೇಲೆ ಅವನು ಮಾಡಿದ್ದು ಇಷ್ಟು. ಬ್ಯಾಟರಿಯ ಒಂದು ಮುಚ್ಚಳ ತೆಗೆದು ಇಣುಕಿದ. ಮುಚ್ಚಿದ. ಕೈ ಒರೆಸಿಕೊಂಡ. "ಪ್ಲೇಟ್ ಹೋಗ್ಯಾವ್ರಿ. ಚಾರ್ಜ್ ಹಿಡ್ಯಾಂಗಿಲ್ಲ. ಹೊಸಾದು ಹಾಕ್ರಿ. ಹದಿನೈದೂವರೆ ಸಾವಿರ ಆಗ್ತದ, ಹಳೇದಕ್ಕ ಮೂರು ಸಾವಿರ ಕಡಿಮಿ ಮಾಡ್ತೀನಿ."

ಎರಡು ನಿಮಿಷ. ಅವನ ಚೀಲದಲ್ಲಿ ಹಳದಿ ಬಣ್ಣದ ಮಲ್ಟಿಮೀಟರ್ ಇತ್ತು, ನಾನೇ ಕಣ್ಣಾರೆ ಕಂಡೆ. ಅದನ್ನು ಅವನು ಹೊರಗೆ ತೆಗೆಯಲೇ ಇಲ್ಲ. ಗೋಡೆಯ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್ ಬರುತ್ತಿದೆ ನೋಡಲಿಲ್ಲ. ಬ್ಯಾಟರಿಯ ವೋಲ್ಟ್ ನೋಡಲಿಲ್ಲ. ಖಾತರಿ ಕಾರ್ಡ್ ಎಲ್ಲಿದೆ ಅಂತ ಕೇಳಲಿಲ್ಲ, ಆ ಬ್ಯಾಟರಿಗೆ ಮೂರು ವರ್ಷವೂ ತುಂಬಿಲ್ಲ. ಎಲ್ಲಕ್ಕಿಂತ ದೊಡ್ಡದಾಗಿ, ಏನಾಗುತ್ತಿದೆ ಅಂತ ಕಾಕುವನ್ನೇ ಕೇಳಲಿಲ್ಲ.

ಹನ್ನೆರಡೂವರೆ ಸಾವಿರ ಅಂದರೆ ಎಷ್ಟು ಗೊತ್ತೇ? ಕಾಕು ಒಂದು ರೊಟ್ಟಿ ಹತ್ತು ರೂಪಾಯಿಗೆ ಕೊಡುತ್ತಾರೆ. 1250 ರೊಟ್ಟಿ ಬಡಿಯಬೇಕು, ಅದೂ ಜೋಳ, ಗ್ಯಾಸು, ಕೂಲಿ ಲೆಕ್ಕಕ್ಕೆ ಹಿಡಿಯದೆ. ಅವರಾಗಲೇ ಭಿಶಿ (ಚೀಟಿ) ಎತ್ತುವ ಮಾತಾಡುತ್ತಿದ್ದರು. ನಾನು ತಡೆದೆ. "ನಾಳಿಗಿ ಹೇಳ್ತೀವಿ ತಮ್ಮಾ" ಅಂತ ಅವನನ್ನು ಕಳಿಸಿ, ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಎಂದೋ ಕೊಂಡಿದ್ದ ನನ್ನ ಮೀಟರ್ ತಂದೆ.

ಮೊದಲು ಕಾಕುವನ್ನು ಕೇಳಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಅವರು. ಏನಂದರು ಕೇಳಿ: "ಸಂಜಿಮುಂದ ಕರೆಂಟ್ ಇದ್ರೂ ಕೆಂಪ್ ಲೈಟೇ ಹತ್ತಿರ್ತದ ನೋಡ್ರಿ ಅಕ್ಕೋರ. ನಿಮ್ಮ ಮನ್ಯಾಗ ಟಿವಿ ನಡದಿರ್ತದ, ನಮ್ಮದು ಬ್ಯಾಟ್ರಿ ಮ್ಯಾಲೆ ನಡೀಲತ್ತಿರ್ತದ. ರಾತ್ರಿ ಹನ್ನೊಂದರ ಮ್ಯಾಲೆ ತಾನ ಹಸರ ಆಗ್ತದ."

ಅರ್ಧ ರೋಗ ಈ ಮೂರು ಮಾತಿನಲ್ಲೇ ಬಯಲಾಗಿತ್ತು. ಹೊರಗೆ ಕರೆಂಟ್ ಇದೆ, ಯುಪಿಎಸ್ ಮಾತ್ರ ಇಲ್ಲ ಅಂದುಕೊಂಡಿದೆ. ಇದಕ್ಕೂ ಬ್ಯಾಟರಿಯ ಪ್ಲೇಟಿಗೂ ಏನು ಸಂಬಂಧ?

ಪ್ಲಗ್ಗಿನಲ್ಲಿ ಅಳೆದೆ. ಸಂಜೆ ಏಳೂಕಾಲು, 168 ವೋಲ್ಟ್. ಇರಬೇಕಾದದ್ದು 230. ಕಾಕು ಮನೆಗೆ ವಾಯರ್ ಬರುವುದು ಲೈನಿನ ಕೊನೆಯ ಕಂಬದಿಂದ. ಸಂಜೆ ಓಣಿಯ ಕೂಲರುಗಳೆಲ್ಲ ಒಟ್ಟಿಗೆ ತಿರುಗಿದಾಗ ಅಲ್ಲಿಗೆ ಮುಟ್ಟುವುದೇ ಇಷ್ಟು. ಯುಪಿಎಸ್ ಹಿಂದೆ ಬಗ್ಗಿ ಟಾರ್ಚ್ ಹಾಕಿ ನೋಡಿದೆ. ಒಂದು ಚಿಕ್ಕ ಜಾರುಗುಂಡಿ ಇರುತ್ತದೆ, ಒಂದು ಕಡೆ ಯುಪಿಎಸ್ ಅಂತ, ಇನ್ನೊಂದು ಕಡೆ ನಾರ್ಮಲ್ ಅಂತ ಬರೆದಿರುತ್ತದೆ. ಅದು ಯುಪಿಎಸ್ ಕಡೆಗಿತ್ತು. ಕಂಪ್ಯೂಟರ್ ಇಟ್ಟುಕೊಂಡವರಿಗಾಗಿ ಇರುವ ಸೌಲಭ್ಯ ಅದು. ಆ ಕಡೆ ಇದ್ದರೆ ಯಂತ್ರ ಸಾಮಾನ್ಯವಾಗಿ 180ರಿಂದ 260 ವೋಲ್ಟಿನೊಳಗಿನ ಕರೆಂಟನ್ನು ಮಾತ್ರ ಒಪ್ಪಿಕೊಳ್ಳುತ್ತದೆ. ಅದಕ್ಕಿಂತ ಇಳಿದರೆ ಕರೆಂಟೇ ಹೋಗಿದೆ ಎಂದು ಲೆಕ್ಕ ಹಿಡಿದು ಮನೆಯನ್ನು ಬ್ಯಾಟರಿಗೆ ಹಾಕುತ್ತದೆ. ನಾರ್ಮಲ್ ಕಡೆ ಇದ್ದರೆ ಸುಮಾರು 100ರಿಂದ 290ರವರೆಗೂ ತಡೆದುಕೊಳ್ಳುತ್ತದೆ. ದೀಪ, ಫ್ಯಾನಿಗೆ ಅಷ್ಟು ಸಾಕು.

ಅಂದರೆ ದಿನಾ ಸಂಜೆ ನಾಲ್ಕು ತಾಸು, ಕರೆಂಟ್ ಇದ್ದಾಗಲೇ, ಕಾಕುವಿನ ಬ್ಯಾಟರಿ ಖಾಲಿಯಾಗುತ್ತಿತ್ತು. ಯುಗಾದಿಗೆ ಸುಣ್ಣ ಹಚ್ಚುವಾಗ ಯುಪಿಎಸ್ ಸರಿಸಿ, ಧೂಳು ಹೊಡೆದು ಇಟ್ಟಿದ್ದರು. ಆಗಲೇ ಗುಂಡಿ ಜಾರಿರಬೇಕು. ಅದನ್ನು ನಾರ್ಮಲ್ ಕಡೆಗೆ ಸರಿಸಿದೆ. ಒಳಗೆ ಟಕ್ ಎಂದು ರಿಲೇ ಸದ್ದು, ಹಸಿರು ದೀಪ ಬಂತು. ಕಾಕು ನನ್ನ ಕೈ ಹಿಡಿದುಕೊಂಡರು.

ಆದರೆ ರಾತ್ರಿ ಹನ್ನೊಂದರ ಮೇಲೆ ಚಾರ್ಜ್ ಆಗುತ್ತಿತ್ತಲ್ಲ, ಬೆಳಗಿನ ನಾಲ್ಕೂವರೆಗೆ ಹತ್ತು ನಿಮಿಷದ ಮೇಲೆ ಏಕೆ ಬರುತ್ತಿರಲಿಲ್ಲ? ಈ ಪ್ರಶ್ನೆ ನನ್ನನ್ನು ಅಲ್ಲೇ ಕೂರಿಸಿತು. ಮೀಟರನ್ನು ಡಿಸಿ 20ಕ್ಕೆ ತಿರುಗಿಸಿ ಒಮ್ಮೆ ವಾಯರಿನ ತುದಿಯ ಲೋಹದ ಉಂಗುರ, ಅಂದರೆ ಲಗ್ ಮೇಲೆ ಇಟ್ಟೆ, 13.9 ವೋಲ್ಟ್. ಅಲ್ಲಿಂದ ಒಂದು ಬೆರಳಿನಷ್ಟು ಸರಿಸಿ ಬ್ಯಾಟರಿಯ ಸೀಸದ ತುದಿಯ ಮೇಲೆಯೇ ಇಟ್ಟೆ, 12.6. ಒಂದು ಬೆರಳಿನ ಅಂತರದಲ್ಲಿ 1.3 ವೋಲ್ಟ್ ಮಾಯ! ಬೋಲ್ಟಿನ ಕೆಳಗೆ ಬಿಳಿ-ಹಸಿರು ಹೊಪ್ಪಳೆ ಕಟ್ಟಿತ್ತು. ಲಗ್ ಮುಟ್ಟಿದರೆ ಬೆಚ್ಚಗಿತ್ತು. ಯುಪಿಎಸ್ ತನ್ನ ಕಡೆಯ ತುದಿಯಲ್ಲಿ 13.9 ಕಂಡು ಬ್ಯಾಟರಿ ತುಂಬುತ್ತಾ ಬಂತು ಎಂದು ಚಾರ್ಜ್ ಕಡಿಮೆ ಮಾಡುತ್ತಿತ್ತು. ಬ್ಯಾಟರಿ ಹಸಿದೇ ಇರುತ್ತಿತ್ತು. ಒಂದು ದೋಷ ಸಂಜೆ ಬರಿದು ಮಾಡುತ್ತಿತ್ತು, ಇನ್ನೊಂದು ರಾತ್ರಿ ತುಂಬಲು ಬಿಡುತ್ತಿರಲಿಲ್ಲ.

ಯುಪಿಎಸ್ ಆರಿಸಿ, ಪ್ಲಗ್ ಕಿತ್ತು, ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ವಾಯರ್ ಬಿಚ್ಚಿದೆ. ಬ್ಯಾಟರಿಯ ಆರೂ ಮುಚ್ಚಳ ಬಿಗಿಯಾಗಿವೆಯೇ ನೋಡಿ, ಬಿಸಿನೀರಿಗೆ ತಿನ್ನುವ ಸೋಡಾ ಕಲಸಿ ಹಳೇ ಬ್ರಶ್ಶಿನಿಂದ ತಿಕ್ಕಿದೆ. ಸೋಡಾ ನೀರು ಒಳಗೆ ಹೋದರೆ ಆಸಿಡ್ ಕೆಡುತ್ತದೆ, ಅದೊಂದು ಎಚ್ಚರ. ಒರೆಸಿ, ಒಣಗಿಸಿ, ಪಾಸಿಟಿವ್ ಮೊದಲು ಕೂಡಿಸಿ, ಬೋಲ್ಟ್ ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿದೆ. ಮತ್ತೆ ಅಳೆದೆ. ಎರಡೂ ಕಡೆ ಒಂದೇ ಅಂಕಿ.

ಇಷ್ಟಾದ ಮೇಲೂ ಆ ಹುಡುಗ ಹೇಳಿದ್ದು ಖರೇ ಇರಬಹುದೇ, ಪ್ಲೇಟ್ ಹೋಗಿರಬಹುದೇ? ನೋಡದೆ ಇಲ್ಲ ಅನ್ನುವ ಹಕ್ಕು ನನಗೂ ಇಲ್ಲ. ಮರುದಿನ ಬೆಳಿಗ್ಗೆಯೇ ಬ್ಯಾಟರಿ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತರಿಸಿ ನೋಡೋಣ ಅಂದಿದ್ದೆ, ಕಾಕುಗೆ ತಡೆಯಲಾಗಲಿಲ್ಲ, ಅದೇ ರಾತ್ರಿ ಮಗನನ್ನು ಓಡಿಸಿ ಬ್ಯಾಟರಿ ಅಂಗಡಿಯಿಂದ ತರಿಸಿದರು. ಆರು ಸೆಲ್ಲಿಗೂ ಹಾಕಿದೆವು. ಎಲ್ಲವೂ 1150, 1160ರ ಆಸುಪಾಸು. ಚಾರ್ಜ್ ತುಂಬಿದಷ್ಟೂ ಈ ಅಂಕಿ ಏರುತ್ತದೆ. ಕಡಿಮೆ ಹೌದು, ಆದರೆ ಆರೂ ಒಂದೇ ಸಮ. ಸೆಲ್ ಸತ್ತಿದ್ದರೆ ಒಂದು ಮಾತ್ರ ನೆಲ ಕಚ್ಚಿ ಉಳಿದವು ಮೇಲಿರುತ್ತವೆ. ಆರೂ ಒಟ್ಟಿಗೆ ಇಳಿದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಹಸಿವನ್ನು. ಮಂಗಳವಾರ ಸಂಜೆಗೆ 1220 ಆಗಿತ್ತು.

ಈಗ ನನ್ನ ಸಿಟ್ಟಿನ ನಿಜವಾದ ಕಾರಣ ಹೇಳುತ್ತೇನೆ. ಕಾಕು ಆ ಸಂಜೆ ದುಡ್ಡು ಕೊಟ್ಟಿದ್ದರೆ ಏನಾಗುತ್ತಿತ್ತು? ಹೊಸ ಬ್ಯಾಟರಿ ಅಂಗಡಿಯಲ್ಲೇ ಚಾರ್ಜ್ ಆಗಿ ಬರುತ್ತದೆ. ಜೋಡಿಸಿದ ಕೂಡಲೇ ಫ್ಯಾನು ತಿರುಗುತ್ತಿತ್ತು. ಎಲ್ಲರೂ ಆ ಹುಡುಗನನ್ನು ಹೊಗಳುತ್ತಿದ್ದರು. ಗುಂಡಿ ಅದೇ ಕಡೆ, 168 ವೋಲ್ಟ್ ಅದೇ, ಹೊಪ್ಪಳೆ ಕಟ್ಟಿದ ಲಗ್ಗೂ ಅದೇ. ಹೊಸ ಬ್ಯಾಟರಿಯೂ ದಿನಾ ಅರೆಹೊಟ್ಟೆಯಲ್ಲಿ ಮಲಗುತ್ತಿತ್ತು. ಸೀಸದ ಬ್ಯಾಟರಿಯನ್ನು ಹಾಗೆ ಹಸಿದೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಕರಗುವುದಿಲ್ಲ. ಆಗ ಪ್ಲೇಟು ಖರೇನೇ ಹೋಗುತ್ತಿತ್ತು. ಅಳೆಯದೆ ಕೊಟ್ಟ ತೀರ್ಪು ಮೊದಲು ಸುಳ್ಳಾಗಿರುತ್ತದೆ, ಹಾಗೇ ಬಿಟ್ಟರೆ ತಾನೇ ನಿಜವಾಗಿಬಿಡುತ್ತದೆ. ಇದಕ್ಕೇ ನನಗೆ ಹೊಟ್ಟೆ ಉರಿಯುವುದು.

ಗೆಳತಿಯೊಬ್ಬಳು ಫೋನಿನಲ್ಲಿ ಹೇಳಿದಳು, ಆ ಹುಡುಗರದ್ದೇನು ತಪ್ಪು, ಮನೆಗೆ ಬಂದರೆ ಇನ್ನೂರು ರೂಪಾಯಿ, ಈ ಬಿಸಿಲಲ್ಲಿ ದಿನಕ್ಕೆ ಹತ್ತು ಮನೆ ಸುತ್ತಬೇಕು, ಲಾಭ ಇರುವುದು ಬ್ಯಾಟರಿ ಮಾರಿದರೆ ಮಾತ್ರ ಅಂತ. ಇನ್ನೂರು ಕಡಿಮೆ, ಒಪ್ಪುತ್ತೇನೆ. ಹಾಗಿದ್ದರೆ ಅಳೆಯುವುದಕ್ಕೆ ಮುನ್ನೂರು, ನಾನೂರು ಕೇಳಲಿ, ಕಾಕು ಸಂತೋಷದಿಂದ ಕೊಡುತ್ತಿದ್ದರು. ಎರಡು ಕಡ್ಡಿ ತಾಗಿಸಿ ಅಂಕಿ ಓದಲು ಐದು ನಿಮಿಷ ಸಾಕು. ಬಡತನ ಅವನಿಗೂ ಇದೆ, ಕಾಕುಗೂ ಇದೆ. ಒಬ್ಬರ ಬಡತನಕ್ಕೆ ಇನ್ನೊಬ್ಬರ ಭಿಶಿ ಹಣ ಪರಿಹಾರವಾಗಬಾರದು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ನನಗೆ ನಾಚಿಕೆಯೂ ಆಗುತ್ತದೆ. ಯಾಕೆಂದರೆ ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ಸಹಿ ಹಾಕಿ. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಶಾಲೆ ಮುಚ್ಚಿದಾಗ ಕಂಪ್ಯೂಟರ್ ಕೋಣೆಯ ಯುಪಿಎಸ್‌ಗಳನ್ನೆಲ್ಲ ಪ್ಲಗ್ ಕಿತ್ತು ಇಟ್ಟಿದ್ದೆವು. ಒಂದೂವರೆ ವರ್ಷದ ಮೇಲೆ ತೆಗೆದು ಹಚ್ಚಿದರೆ ಹನ್ನೊಂದರಲ್ಲಿ ಒಂದೂ ಚಾರ್ಜ್ ಆಗಲಿಲ್ಲ. ನಿರುಪಯುಕ್ತ ಅಂತ ಪಟ್ಟಿ ಬಂತು, ನಾನು ಸಮಿತಿಯಲ್ಲಿದ್ದೆ, ಸಹಿ ಮಾಡಿದೆ, ಗುಜರಿಗೆ ಹೋದವು. ಒಂದು ಮಾತ್ರ ಬೀರುವಿನ ಹಿಂದೆ ಉಳಿದಿತ್ತು. ಆರು ತಿಂಗಳ ಮೇಲೆ ಸುಮ್ಮನೆ ಅದರ ಬ್ಯಾಟರಿ ತೆಗೆದು ಅಳೆದೆ. 12 ವೋಲ್ಟ್ 7 ಎಎಚ್‌ನ ಸೀಲ್ ಬ್ಯಾಟರಿ, 4 ವೋಲ್ಟಿಗೆ ಇಳಿದಿತ್ತು. ಸುಮ್ಮನೆ ಇಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತಾ ಹೋಗುತ್ತದೆ. ಅಷ್ಟು ಇಳಿದ ಬ್ಯಾಟರಿಯನ್ನು ಆ ಯುಪಿಎಸ್ ಚಾರ್ಜೇ ಮಾಡುತ್ತಿರಲಿಲ್ಲ. ಸಾವಿರದೊಳಗೆ ಹೊಸ ಬ್ಯಾಟರಿ ಹಾಕಿದೆ, ಯಂತ್ರ ಎದ್ದು ಕೂತಿತು, ಇವತ್ತಿಗೂ ನಡೆಯುತ್ತಿದೆ. ಉಳಿದ ಹತ್ತೂ ಹಾಗೇ ಇದ್ದಿರಬಹುದು. ನಮ್ಮ ಮಕ್ಕಳು ಎರಡು ವರ್ಷ ಕರೆಂಟ್ ಹೋದಾಗಲೆಲ್ಲ ಅರ್ಧ ಟೈಪ್ ಮಾಡಿದ್ದನ್ನು ಕಳೆದುಕೊಂಡರು. ಕಾಕು ಮನೆಯಲ್ಲಿ ಯಂತ್ರದ ತಪ್ಪನ್ನು ಬ್ಯಾಟರಿ ಮೇಲೆ ಹಾಕಿದರು, ನಾವು ಬ್ಯಾಟರಿಯ ತಪ್ಪಿಗೆ ಯಂತ್ರವನ್ನೇ ಎಸೆದೆವು. ಎರಡೂ ಕಡೆ ಮೀಟರ್ ಚೀಲದಲ್ಲೇ ಇತ್ತು.

ನಿಮ್ಮ ಮನೆಯ ಯುಪಿಎಸ್ ಚಾರ್ಜ್ ಆಗುತ್ತಿಲ್ಲವೆಂದರೆ ದುಡ್ಡಿಗೆ ಕೈ ಹಾಕುವ ಮೊದಲು ಹಿಂದೆ ಬಗ್ಗಿ ನೋಡಿ. ಅಲ್ಲೊಂದು ಒತ್ತುವ ಬಟನ್ ಫ್ಯೂಸ್ ಇರುತ್ತದೆ, ಓವರ್‌ಲೋಡ್ ಆದಾಗ ಹೊರಗೆ ಹಾರಿರುತ್ತದೆ, ಒತ್ತಿದರೆ ಎಷ್ಟೋ ಸಲ ಕೆಲಸ ಮುಗಿಯಿತು. ಪ್ಲಗ್ ಸಡಿಲ ಇದೆಯೇ, ಸುಟ್ಟ ವಾಸನೆ ಇದೆಯೇ ನೋಡಿ. ಆಮೇಲೆ ಆ ಜಾರುಗುಂಡಿ. ಮೀಟರ್ ಬಳಸುವವರು ಕೆಂಪು ವಾಯರನ್ನು 10 ಆಂಪಿಯರ್ ತೂತಿನಲ್ಲಿಟ್ಟು ಗೋಡೆಯ ಪ್ಲಗ್ಗಿಗೆ ಹಾಕಬೇಡಿ, ಅದು ನೇರ ಶಾರ್ಟ್. ಪೆಟ್ಟಿಗೆಯ ಸ್ಕ್ರೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯುತ್ತದೆ. ಅಲ್ಲಿಂದ ಮುಂದೆ ಮೆಕ್ಯಾನಿಕ್ಕೇ ಬೇಕು. ಅವನು ಬಂದಾಗ ಅವನ ಪಕ್ಕ ನಿಂತು ಕೇಳಿ, "ಎಷ್ಟು ವೋಲ್ಟ್ ಅದ ತಮ್ಮಾ, ತೋರಿಸು." ಕೇಳಲು ಗಂಡಸೇ ಆಗಬೇಕಿಲ್ಲ.

ಮಂಗಳವಾರ ಆ ಹುಡುಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯಬೇಕು ಅಂತಲೇ ಮಾಡಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಆ ಸರಿಸೋ ಬಟನ್ ಯಾಕ ಕೊಟ್ಟಿರ್ತಾರ್ರಿ ಮೇಡಂ? ನಮಗ ಅಂಗಡ್ಯಾಗ ಯಾರೂ ಹೇಳಿಲ್ರಿ." ಬೈಗುಳ ಗಂಟಲಲ್ಲೇ ನಿಂತಿತು. ಇಪ್ಪತ್ತು ನಿಮಿಷ ಮಾತಾಡಿದೆವು. ಆದರೂ ಅವನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಹುದಿತ್ತು, ಹದಿನೈದೂವರೆ ಸಾವಿರ ಅನ್ನಬೇಕಿರಲಿಲ್ಲ. ಅವನಿಗೆ ಅಂಗಡಿಯಲ್ಲಿ ಬ್ಯಾಟರಿ ಮಾರುವುದನ್ನಷ್ಟೇ ಕಲಿಸಿದವರ ಮೇಲೆ ಇನ್ನೂ ಹೆಚ್ಚು ಸಿಟ್ಟಿದೆ.

ಯುಪಿಎಸ್ ಒಲೆಯಿಂದ ಎರಡೇ ಮಾರು ದೂರ ಇತ್ತು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಸಾಕು. ನಿನ್ನೆ ನಾವೆಲ್ಲ ಸೇರಿ ಅದನ್ನು ಪಡಸಾಲೆಯ ಕಿಟಕಿ ಹತ್ತಿರ ಸಾಗಿಸಿದೆವು. ಹೈಡ್ರೋಮೀಟರ್ ಹಿಡಿಯುವುದನ್ನು ಕಾಕುಗೆ ಕಲಿಸಿದೆ. ಕಣ್ಣಿಗೆ ಕನ್ನಡಕ, ಸೀರೆಯ ಮೇಲೆ ಹಳೇ ಗೋಣಿತಾಟು, ಆಸಿಡ್ ಹನಿ ಬಿದ್ದರೆ ಬಟ್ಟೆ ತೂತಾಗುತ್ತದೆ. ಇವತ್ತು ಮುಂಜಾನೆ ಐದಕ್ಕೆ ಕರೆಂಟ್ ಹೋಯಿತು. ನಮ್ಮ ಓಣಿ ಕತ್ತಲಾಯಿತು. ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲಲಿಲ್ಲ. ಸಂಜೆ ಹೋದಾಗ ನೋಡಿದೆ, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ, ರೊಟ್ಟಿ ಲೆಕ್ಕದ ಕೆಳಗೆ, ಕಾಕು ತಮ್ಮ ಕೈಯಾರೆ ಆರು ಅಂಕಿ ಬರೆದಿದ್ದರು: 1240, 1240, 1235, 1240, 1240, 1240. "ಮೂರನೇದ್ದು ಐದು ಕಮ್ಮಿ ಅದ ಅಕ್ಕೋರ" ಅಂದರು, "ನಾಳಿಗಿ ಮತ್ತ ನೋಡ್ತೀನಿ."